ಘೆಂಟ್‌ನಲ್ಲಿ ಹೇಳದೆ ಬಂದ ಮಾತು

ಬೆಲ್ಜಿಯಮ್ಮಿಗೆ ಹೋಗಿ ಬಂದ ಮೇಲೆ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಎಲ್ಲರೂ ಚಾಕೊಲೇಟ್ ಕೇಳಿದರು. ತಂದಿದ್ದೆ, ಹಂಚಿದೆ. ಏನು ನೋಡಿದಿರಿ ಎಂದವರಿಗೆ ಕಾಲುವೆ, ಸೈಕಲ್ಲು, ಟ್ರಾಮು ಎಂದೆ. ಏನು ಮಾಡಿ ಬಂದಿರಿ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ. ಮೂಡಿಗೆರೆಯ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಗಣಿತ ಕಲಿಸುತ್ತಿದ್ದೇನೆ. ಬೇರೆಯವರ ತಪ್ಪಿಗೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ ಹಾಕಿ ಕೈ ಪಳಗಿದೆ. ನನ್ನದೇ ಉತ್ತರಪತ್ರಿಕೆ ತಿದ್ದಲು ಕೂತಿರುವುದು ಇದೇ ಮೊದಲು.

ಗೋಣಿಬೀಡು

ಈ ಪ್ರಯಾಣಕ್ಕೆ ಕಾರಣ ರೈಟರ್ ಅಬೂಬಕ್ಕರ್ ಸಾಹೇಬರು. ಎಸ್ಟೇಟಿನ ಹಾಜರಿ, ಗೊಬ್ಬರ, ಕೊಯ್ಲು, ಮಳೆ ಎಲ್ಲವನ್ನೂ ಬರೆದಿಡುವವರನ್ನು ನಮ್ಮ ಕಡೆ ರೈಟರ್ ಎನ್ನುತ್ತಾರೆ. ಸಾಹೇಬರು ಗೋಣಿಬೀಡಿನ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಮೂವತ್ತೆಂಟು ವರ್ಷ ರೈಟರಾಗಿದ್ದರು. ಪ್ರತಿದಿನ ಬೆಳಗ್ಗೆ ಎಂಟು ಗಂಟೆಗೆ ಮಳೆಮಾಪಕದ ನೀರನ್ನು ಅಳತೆಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಇಷ್ಟು ಇಂಚು ಇಷ್ಟು ಸೆಂಟು ಎಂದು ಬುಕ್ಕಿನಲ್ಲಿ ಬರೆಯುತ್ತಿದ್ದರು. ಒಂದು ಇಂಚಿಗೆ ನೂರು ಸೆಂಟು. ಜ್ವರ ಬಂದ ದಿನವೂ ಬರೆದರು, ಮಗಳ ಮದುವೆಯ ದಿನವೂ ಬರೆದರು. ಆಮೇಲೆ ಎಸ್ಟೇಟು ಕೈ ಬದಲಾಯಿತು. ಹೊಸ ಯಜಮಾನರು ಆಫೀಸು ಚೊಕ್ಕ ಮಾಡಿಸಿದರು. ಮೂವತ್ತೆಂಟು ವರ್ಷದ ಮಳೆ ಬುಕ್ಕುಗಳು ನೀರು ಕಾಯಿಸುವ ಒಲೆಗೆ ಹೋದವು. ಸಾಹೇಬರಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಎರಡು ರಟ್ಟು ಉಳಿದಿದ್ದವು.

ಅವರ ಮಗಳು ನನ್ನ ಸಹೋದ್ಯೋಗಿ. ಅವಳ ಮೂಲಕ ವಿಷಯ ತಿಳಿದು, ಮಳೆ ಬರೆದಿಡುವ ಒಂದು ತಂತ್ರಾಂಶವನ್ನು ಕೆಲಸ ಬಿಟ್ಟ ಮೇಲೂ ಮನೆಯಂಗಳದಲ್ಲಿ ಮಳೆ ಅಳೆಯುತ್ತಿದ್ದ ಸಾಹೇಬರ ಫೋನಿಗೆ ಹಾಕಿಕೊಟ್ಟೆ. ಅದು ಓಪನ್ ಸೋರ್ಸ್, ಅಂದರೆ ಅದನ್ನು ಬರೆದವರು ಒಳಗಿನ ಕೋಡನ್ನೆಲ್ಲ ಬಿಚ್ಚಿಟ್ಟಿದ್ದಾರೆ. ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ತಿದ್ದಿದ್ದನ್ನು ಅವರಿಗೆ ಕಳಿಸಬಹುದು. ಬೇರೆ ದೇಶಗಳಲ್ಲಿ ಹೆಚ್ಚಿನವರು ಹಿತ್ತಲಿನಲ್ಲಿ ಒಂದು ಯಂತ್ರ ನೆಟ್ಟು, ಅದೇ ಮಳೆ ಅಳೆದು ಕಳಿಸುವ ಹಾಗೆ ಮಾಡಿಕೊಂಡಿದ್ದರು. ಆದರೆ ಕೈಯಲ್ಲಿ ಬರೆಯುವವರಿಗೂ ಒಂದು ಪುಟ ಇತ್ತು. ಸಾಹೇಬರಿಗೆ ಅಷ್ಟು ಸಾಕಾಗಿತ್ತು. ಮೊದಲ ದಿನ ಭೂಪಟದಲ್ಲಿ ಗೋಣಿಬೀಡಿನ ಪಕ್ಕ ಒಂದು ನೀಲಿ ಚುಕ್ಕೆ ಮೂಡಿದಾಗ ಅವರು ಫೋನನ್ನು ಮನೆಯವರಿಗೆಲ್ಲ ತೋರಿಸಿಕೊಂಡು ಬಂದರು.

ನಾನು ಆ ಯೋಜನೆಯೊಳಗೆ ಕಾಲಿಟ್ಟಿದ್ದು ಜಗಳಕ್ಕೆ. ಸಾಹೇಬರು ಬೆಳಗ್ಗೆ ಎಂಟಕ್ಕೆ ಬರೆದ ಮಳೆಯೆಲ್ಲ ಆ ದಿನದ ಲೆಕ್ಕಕ್ಕೆ ಹೋಗುತ್ತಿತ್ತು. ಅದು ಹಿಂದಿನ ದಿನದ್ದಾಗಬೇಕು. ನಾನು ಸಿಟ್ಟಿನಿಂದ ಉದ್ದದ ದೂರು ಬರೆದು ಹಾಕಿದೆ. ಬೆಲ್ಜಿಯಮ್ಮಿನ ಘೆಂಟ್ ಎಂಬ ಊರಿನಿಂದ ಲೀಕ ಎಂಬಾಕೆ ಉತ್ತರಿಸಿದಳು: ‘ದೂರಿಗೆ ಧನ್ಯವಾದ. ಈ ವಿಷಯದ ಬಗ್ಗೆ ಸಹಾಯದ ಪುಟದಲ್ಲಿ ನೀವೇ ಒಂದು ವಾಕ್ಯ ಸೇರಿಸುತ್ತೀರಾ?’ ಒಂದು ವಾಕ್ಯ ಬರೆಯಲು ನನಗೆ ಒಂದು ಸಂಜೆ ಬೇಕಾಯಿತು. ಅದನ್ನು ಅವರು ಮೂರು ಸಲ ತಿದ್ದಿಸಿದರು. ಹದಿನೆಂಟು ವರ್ಷ ಮೇಷ್ಟ್ರ ಕೆಲಸ ಮಾಡಿದವಳಿಗೆ ಮೂರು ಸಲ ತಿದ್ದಿಸುತ್ತಾರಲ್ಲ ಎಂದು ಮೈ ಉರಿಯಿತು. ಆದರೂ ಆ ವಾಕ್ಯ ಸೇರಿದ ದಿನ ಸಿಹಿ ತಂದು ತಿಂದೆ. ಆಮೇಲೆ ಕನ್ನಡಕ್ಕೆ ಅನುವಾದ ಮಾಡಿದೆ. ಇಂಚನ್ನು ಮಿಲಿಮೀಟರಿಗೆ ಇಳಿಸುವಲ್ಲಿ ಇದ್ದ ಒಂದು ಲೆಕ್ಕದ ತಪ್ಪು ಸರಿಮಾಡಿದೆ. ನಾಲ್ಕು ವರ್ಷ ಹೀಗೆ ಹೋಯಿತು.

ಈ ವರ್ಷ ಅವರ ಸಭೆ ಘೆಂಟಿನಲ್ಲಿ ಎಂದು ಟಿಕೆಟು ಕಳಿಸಿದರು. ಕೈಯಲ್ಲಿ ಬರೆಯುವ ಪುಟ ಇಟ್ಟುಕೊಳ್ಳಬೇಕೋ ತೆಗೆಯಬೇಕೋ ಎಂಬುದು ಅಲ್ಲಿ ತೀರ್ಮಾನವಾಗಲಿತ್ತು. ಹೊರಡುವ ಮೊದಲು ಸಾಹೇಬರ ಮನೆಗೆ ಹೋದೆ. ನಮ್ಮಲ್ಲಿ ಮುಖ್ಯ ವಿಷಯವನ್ನು ಕೂತ ಕೂಡಲೇ ಎತ್ತುವುದು ಒರಟುತನ. ಕಾಳುಮೆಣಸಿನ ಬಳ್ಳಿಗೆ ಬಂದ ರೋಗ, ಅಲ್ಲಿನ ಚಳಿ, ನಾನು ಸ್ವೆಟರ್ ಇಟ್ಟುಕೊಂಡೆನೋ ಇಲ್ಲವೋ, ಎಲ್ಲ ಆಯಿತು. ನಾನು ಎದ್ದು ಚಪ್ಪಲಿ ಮೆಟ್ಟಿದ ಮೇಲೆ ಸಾಹೇಬರು ಬಾಗಿಲ ಚೌಕಟ್ಟು ಹಿಡಿದು ನಿಂತು ಕೇಳಿದರು.

“ಅಲ್ಲ ಟೀಚ್ರೇ, ಆ ಕೈಯಲ್ಲಿ ಬರೆಯೋ ಪುಟ ತೆಗೀತಾರಂತೆ ಅಂದ್ರಲ್ಲ. ಬೇಡ ಅಂತ ಒಂದು ಮಾತು ಹೇಳಿಬಿಡಿ. ಇದನ್ನ ಯಾರಿಗೂ ಒಲೆಗೆ ಹಾಕಕ್ಕಾಗಲ್ಲ ಅಂತ ನಾನು ನಂಬ್ಕೊಂಡಿದ್ದೀನಿ.”

“ನೀವೂ ಒಂದು ಯಂತ್ರ ಹಾಕಿಸ್ಕೊಳ್ಳಿ ಅಂತಾರೆ ಸಾಹೇಬ್ರೇ.”

“ನಮ್ಮ ಜುಲೈ ಮಳೆಗೆ ಎಂಥ ಯಂತ್ರ ಮಾರಾಯ್ರೇ? ಎರಡು ದಿನಕ್ಕೆ ಎಲೆ ಕಟ್ಕೊಂಡು ಕೂತಿರತ್ತೆ. ಕರೆಂಟೂ ಇರಲ್ಲ.”

“ಹೇಳ್ತೀನಿ, ಅದಕ್ಕೇ ಹೋಗ್ತಿರೋದು” ಎಂದೆ. ಆಗ ನನಗೆ ಒಂದು ಚೂರೂ ಸಂಶಯ ಇರಲಿಲ್ಲ.

ಬ್ರಸೆಲ್ಸಿನಿಂದ ರೈಲು

ವಿಮಾನ ನಿಲ್ದಾಣದಲ್ಲೇ ರೈಲು ಸಿಕ್ಕಿತು. ಹೊರಗೆ ಬೆಳಗ್ಗೆ ಒಂಬತ್ತಾದರೂ ಇನ್ನೂ ಬೆಳಕು ಹರಿದ ಹಾಗಿರಲಿಲ್ಲ. ಪಾತ್ರೆ ತೊಳೆದ ನೀರಿನ ಬಣ್ಣದ ಆಕಾಶ, ಒದ್ದೆ ಹೊಲ, ಒದ್ದೆ ದನ. ಎದುರು ಕೂತಿದ್ದ ಗಡ್ಡದ ಮನುಷ್ಯನಿಗೆ ನಾನು ‘ಘೆಂಟ್’ ಎಂದು ಹೇಳಿ ನಕ್ಕೆ. ಅವನೂ ತಲೆಯಾಡಿಸಿ ನಕ್ಕ. ನನ್ನ ಪ್ರಕಾರ ಅಲ್ಲಿಗೆ ಕೆಲಸ ಮುಗಿದಿತ್ತು. ಕಳಸದ ಬಸ್ಸಿನಲ್ಲಿ ಹೊಸಬರು ಹೊರನಾಡು ಎಂದು ಒಂದು ಸಲ ಬಾಯಿಬಿಟ್ಟರೆ ಸಾಕು, ಇಡೀ ಬಸ್ಸು ಅವರ ಜವಾಬ್ದಾರಿ ಹೊತ್ತುಕೊಳ್ಳುತ್ತದೆ. ನಿದ್ದೆ ಹೋದರೆ ಅಲುಗಾಡಿಸಿ ಎಬ್ಬಿಸುತ್ತಾರೆ, ಚೀಲ ಇಳಿಸಿಕೊಡುತ್ತಾರೆ, ಪೂಜೆಗೆ ತಡವಾಯಿತು ಎಂದು ಬೈಯುತ್ತಾರೆ.

ನಾನು ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದೆ. ಎಚ್ಚರವಾದಾಗ ಎಲ್ಲರೂ ಇಳಿಯುತ್ತಿದ್ದರು. ಬೋರ್ಡಿನಲ್ಲಿ ಬ್ರೂಗೆ ಎಂದಿತ್ತು. ಘೆಂಟ್ ದಾಟಿ ಅರ್ಧ ಗಂಟೆಯಾಗಿತ್ತು. ಗಡ್ಡದವನೂ ಕೋಟು ಹಾಕಿಕೊಳ್ಳುತ್ತಿದ್ದ. ಯಾಕಪ್ಪ ಹೇಳಲಿಲ್ಲ ಎಂದು ನನಗೆ ಬಂದ ಇಂಗ್ಲಿಷಿನಲ್ಲಿ ಕೇಳಿಯೇಬಿಟ್ಟೆ. ಅವನಿಗೆ ನಿಜವಾಗಿ ಆಶ್ಚರ್ಯವಾಯಿತು.

“ನೀವು ಎಬ್ಬಿಸಿ ಎಂದು ಹೇಳಲಿಲ್ಲವಲ್ಲ” ಎಂದ. ಒಳ್ಳೆಯವನೇ. ವಾಪಸ್ ಹೋಗುವ ಪ್ಲಾಟ್‌ಫಾರ್ಮಿನವರೆಗೂ ನನ್ನ ಪೆಟ್ಟಿಗೆ ಎಳೆದುಕೊಟ್ಟ. ಈ ಜನಕ್ಕೆ ಕರುಣೆಯಿಲ್ಲ ಎಂದು ಅವತ್ತು ಡೈರಿಯಲ್ಲಿ ಬರೆದಿದ್ದೇನೆ. ಆ ಸಾಲನ್ನು ಈಗ ಓದಿದರೆ ನಾಚಿಕೆಯಾಗುತ್ತದೆ.

ಘೆಂಟ್, ಮೊದಲ ದಿನ

ಸಭೆ ನಡೆದದ್ದು ಒಂದು ಹಳೆಯ ಬಟ್ಟೆ ಗಿರಣಿಯಲ್ಲಿ. ಉದ್ದನೆಯ ಮೇಜು, ಸುತ್ತ ಎಂಟು ಜನ. ಲೀಕ ನನಗಿಂತ ಒಂದೂವರೆ ಅಡಿ ಎತ್ತರದ ಹೆಂಗಸು, ಬಗ್ಗಿ ಅಪ್ಪಿಕೊಂಡಳು. ಸಭೆ ನಡೆಸುವವನು ಬಾರ್ಟ್. ತಂತ್ರಾಂಶದ ಮುಕ್ಕಾಲು ಪಾಲನ್ನು ಹತ್ತು ವರ್ಷದಿಂದ ಒಬ್ಬನೇ ಬರೆದವನು, ಕಣ್ಣಿನ ಕೆಳಗೆ ಕಪ್ಪು ಕಟ್ಟಿದ್ದ ಮಿತಭಾಷಿ. ಫ್ಲಾಸ್ಕಿನಿಂದ ಬಗ್ಗಿಸಿ ಕೊಟ್ಟ ಕಾಫಿ ಕುಡಿದು, ಯಾರ ತೋಟದ ಪಾರ್ಚ್‌ಮೆಂಟ್ ಕಾಫಿಯೋ ಪಾಪ, ಸಮುದ್ರ ದಾಟಿ ಬಂದು ಈ ಗತಿಗಿಳಿಯಿತಲ್ಲ ಎಂದು ಮರುಗಿದೆ. ಮಧ್ಯಾಹ್ನಕ್ಕೆ ತಣ್ಣನೆಯ ಬ್ರೆಡ್ಡು. ಹೊರಗೆ ದಿನವಿಡೀ ಮಳೆ ಜಿನುಗುತ್ತಿತ್ತು, ಯಾರೂ ಕೊಡೆ ಬಿಚ್ಚಲಿಲ್ಲ. ಸಂಜೆ ತಾರಸಿಯ ಮಾಪಕ ನೋಡಿದರೆ ನಮ್ಮ ಲೆಕ್ಕದಲ್ಲಿ ಹದಿನಾರು ಸೆಂಟು. ಇಷ್ಟು ಮಳೆಗೆ ಸಾಹೇಬರು ಟೋಪಿಯನ್ನೂ ಹಾಕುವುದಿಲ್ಲ.

ಅವತ್ತು ಹೊಸಬರೊಬ್ಬರು ಬಂದಿದ್ದರು. ರೋಲಾಂಡ್ ಎಂದು ಹೆಸರು, ಟ್ರಾಮ್ ಓಡಿಸಿ ನಿವೃತ್ತರಾದವರು, ಅರವತ್ತಾರು ವಯಸ್ಸು. ಲೀಕ ಅವರನ್ನು ನನ್ನ ಪಕ್ಕ ಕೂರಿಸಿದಳು. “ಹೇಗೆ ಶುರುಮಾಡುವುದು ಎಂದು ವನಜಾ ಹೇಳುತ್ತಾರೆ. ನಮಗೆಲ್ಲ ಶುರುಮಾಡಿದ್ದು ಮರೆತುಹೋಗಿದೆ.”

ಪಾಠ ಮಾಡು ಎಂದರೆ ನನಗೆ ಹುರುಪು ಬರುತ್ತದೆ. ಮೊದಲ ದಿನವೇ ಕೋಡ್ ಬರೆಯಲು ಹೋಗಬೇಡಿ ಎಂದೆ. ಸ್ವಲ್ಪ ದಿನ ಬಳಸಿ, ಎಲ್ಲಿ ಕೈ ತಡೆಯುತ್ತದೆ ಬರೆದಿಟ್ಟುಕೊಳ್ಳಿ. ಅದೇ ದೂರನ್ನು ಬೇರೆ ಯಾರಾದರೂ ಮೊದಲೇ ಬರೆದಿದ್ದಾರಾ ನೋಡಿ. ಹೊಸಬರಿಗೆ ಎಂದು ಗುರುತು ಹಾಕಿಟ್ಟ ಸಣ್ಣ ಕೆಲಸಗಳಿರುತ್ತವೆ, ಅದರಲ್ಲೂ ತೀರ ಸಣ್ಣದನ್ನೇ ಆರಿಸಿ. ಇದನ್ನು ನಾನು ಮಾಡುತ್ತೇನೆ ಎಂದು ಅಲ್ಲಿ ಬರೆಯಿರಿ, ಇಲ್ಲದಿದ್ದರೆ ಇಬ್ಬರು ಅದನ್ನೇ ಮಾಡುತ್ತಾ ಕೂರುತ್ತೀರಿ. ಒಂದು ಸಲಕ್ಕೆ ಒಂದೇ ವಿಷಯ ತಿದ್ದಿ, ಯಾಕೆ ತಿದ್ದಿದಿರಿ ಎಂದು ಎರಡು ಸಾಲು ಬರೆಯಿರಿ. ಆಮೇಲೆ ಕಾಯಬೇಕು. ವಾಪಸ್ ತಿದ್ದಿಸಿದರೆ ಅವಮಾನ ಅಂದುಕೊಳ್ಳಬೇಡಿ. ನಾನು ಅಂದುಕೊಂಡು ಒಂದು ವಾರ ಅವರ ಜೊತೆ ಮಾತುಬಿಟ್ಟಿದ್ದೆ, ಅವರಿಗೆ ಅದು ಗೊತ್ತೂ ಆಗಲಿಲ್ಲ.

ರೋಲಾಂಡ್ ಗಹಗಹಿಸಿ ನಕ್ಕರು. ಸಹಾಯದ ಪುಟದ ಚಿತ್ರದಲ್ಲಿ ಮಾಪಕ ಮರದ ಕೆಳಗಿದೆ, ಹನಿ ಸರಿಯಾಗಿ ಬೀಳುವುದಿಲ್ಲ ಎಂದು ಅವರೇ ಹುಡುಕಿ ಹಿಡಿದರು. ಬಯಲಲ್ಲಿರುವ ಮಾಪಕದ ಚಿತ್ರ ಹಾಕಿ ಕಳಿಸಿದೆವು. ಸಂಜೆಯೊಳಗೆ ಅದು ಸೇರಿತು. ಮುದುಕರು ಟ್ರಾಮಿನ ಗಂಟೆ ಬಾರಿಸುವ ಹಾಗೆ ಮೇಜಿನ ಮೇಲೆ ಕೈಯಾಡಿಸಿ ‘ಟಿಂಗ್ ಟಿಂಗ್’ ಎಂದರು.

ಹೊರಡುವಾಗ ಒಂದು ಪ್ರಶ್ನೆ ಕೇಳಿದರು. “ಎಲ್ಲ ಹೇಳಿದಿರಿ. ಅವರು ಮಾಡುವುದು ನನಗೆ ಒಪ್ಪಿಗೆಯಿಲ್ಲದಿದ್ದರೆ?”

“ಹೊಸಬರು ಅದಕ್ಕೆಲ್ಲ ಅವಸರ ಮಾಡಬಾರದು” ಎಂದು ದೊಡ್ಡ ಮನುಷ್ಯಳ ಹಾಗೆ ಹೇಳಿದೆ. “ಸ್ವಲ್ಪ ಕಾಲ ಸುಮ್ಮನಿದ್ದು ನೋಡಿ.”

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು.

ಎರಡನೇ ದಿನ

ಬಾರ್ಟ್ ಹಲಗೆಯ ಮೇಲೆ ಪಟ್ಟಿ ಬರೆದಿದ್ದ. ಮೊದಲನೆಯದು ಯಾವುದೋ ಗುಂಡಿಯ ಬಣ್ಣ. ಹಸಿರಿದ್ದದ್ದನ್ನು ಬೂದು ಮಾಡುವ ಸಲಹೆ. ಯಾರದ್ದಾದರೂ ಆಕ್ಷೇಪಣೆ ಇದೆಯೇ ಎಂದು ಬಾರ್ಟ್ ಕೇಳಿದ್ದೇ ತಡ, ರೋಲಾಂಡ್ ಕೈಯೆತ್ತಿದರು. “ನನಗೆ ಒಪ್ಪಿಗೆ ಇಲ್ಲ. ವಯಸ್ಸಾದವರ ಕಣ್ಣಿಗೆ ಬೂದು ಕಾಣುವುದಿಲ್ಲ.” ನಿನ್ನೆ ಬಂದ ಮನುಷ್ಯ! ನನಗೆ ಅವರ ಪರವಾಗಿ ಮುಜುಗರವಾಯಿತು. ಇನ್ನು ಬಾರ್ಟ್ ಮುಖ ಗಂಟಿಕ್ಕುತ್ತಾನೆ ಎಂದುಕೊಂಡೆ. ಅವನು ಕುರ್ಚಿ ಎಳೆದುಕೊಂಡು ಕೂತ. ಅರ್ಧ ಗಂಟೆ ಆ ಗುಂಡಿಯ ಬಗ್ಗೆಯೇ ಚರ್ಚೆಯಾಗಿ, ಕೊನೆಗೆ ಹಸಿರೇ ಉಳಿಯಿತು.

ಮುಂದಿನದು ಕೈಯಲ್ಲಿ ಬರೆಯುವ ಪುಟ. ಯಂತ್ರಗಳ ದಿನ ಮಧ್ಯರಾತ್ರಿಗೆ ಮುಗಿಯುತ್ತದೆ, ಕೈಬರಹದವರ ದಿನ ಬೆಳಗ್ಗೆ ಎಂಟಕ್ಕೆ. ಈ ಎರಡು ಲೆಕ್ಕವನ್ನು ಒಟ್ಟಿಗೆ ಎಳೆದುಕೊಂಡು ಹೋಗಿ ತನಗೆ ಸಾಕಾಗಿದೆ, ಪ್ರತಿ ಸಲವೂ ಏನಾದರೂ ಒಡೆಯುತ್ತದೆ, ಅದನ್ನು ನೋಡಿಕೊಳ್ಳುವವರು ಯಾರೂ ಇಲ್ಲ ಎಂದು ಬಾರ್ಟ್ ಹೇಳಿದ. ಸುಳ್ಳೇನೂ ಹೇಳಲಿಲ್ಲ. “ತೆಗೆಯೋಣ ಎಂದು ನನ್ನ ಸಲಹೆ. ಆಕ್ಷೇಪಣೆ?”

ಲೀಕ ನನ್ನ ಕಡೆ ನೋಡಿದಳು. ಬಾರ್ಟ್ ಕೂಡ ನೋಡಿದ.

ನಾನು ತಲೆ ತಗ್ಗಿಸಿದೆ. ಕಾಫಿ ಕಪ್ಪನ್ನು ಆಚೆ ಸರಿಸಿದೆ. ಬರೆಯುತ್ತಿದ್ದ ಪುಸ್ತಕ ಮುಚ್ಚಿ, ಪೆನ್ನಿನ ಕ್ಯಾಪು ಹಾಕಿದೆ.

ನಮ್ಮ ಊರಿನ ಯಾವ ಸಭೆಯಲ್ಲಾದರೂ, ಶಾಲೆಯದಾಗಲಿ ಸೊಸೈಟಿಯದಾಗಲಿ, ಇಷ್ಟು ಮಾಡಿದರೆ ಸಾಕು. ಅಲ್ಲಿಯವರೆಗೆ ಮಾತಾಡುತ್ತಿದ್ದವಳು ಪುಸ್ತಕ ಮುಚ್ಚಿ ತಲೆ ತಗ್ಗಿಸಿದಳು ಎಂದರೆ ಇದಕ್ಕೆ ಸುತರಾಂ ಒಪ್ಪಿಗೆಯಿಲ್ಲ ಎಂದು ಬಾಗಿಲ ಬಳಿ ನಿಂತವನಿಗೂ ಅರ್ಥವಾಗುತ್ತದೆ. ಯಾರಾದರೂ ಹಿರಿಯರು, ‘ಟೀಚರ್ ಯಾಕೋ ಸುಮ್ಮನಾದ್ರು, ಇದನ್ನ ಮುಂದಿನ ಸಲ ನೋಡೋಣ’ ಎನ್ನುತ್ತಾರೆ. ಮಾರನೇ ದಿನ ಒಬ್ಬರು ಮನೆಗೆ ಬಂದು ಕಾಫಿ ಕುಡಿದು ವಿಷಯ ಕೇಳಿಕೊಂಡು ಹೋಗುತ್ತಾರೆ. ಎದುರಿಗೆ ಬೇಡ ಎಂದು ಯಾರ ಮುಖವನ್ನೂ ಮುರಿಯುವ ಪ್ರಮೇಯವೇ ಬರುವುದಿಲ್ಲ. ಹತ್ತು ವರ್ಷ ಕಣ್ಣು ಕೆಡಿಸಿಕೊಂಡು ಇದನ್ನು ಕಟ್ಟಿದವನಿಗೆ, ಅವರದೇ ಟಿಕೆಟಿನಲ್ಲಿ ಬಂದು ಅವರದೇ ಬ್ರೆಡ್ಡು ತಿಂದು, ಎಲ್ಲರ ಮುಂದೆ ಬೇಡ ಅನ್ನುವುದು ಹೇಗೆ? ನನ್ನ ಮಟ್ಟಿಗೆ ನಾನು ಗಟ್ಟಿಯಾಗಿಯೇ ಬೇಡ ಎಂದಿದ್ದೆ.

ಪೂರ್ತಿ ನಿಜ ಹೇಳಬೇಕೆಂದರೆ ಹೆದರಿಕೆಯೂ ಇತ್ತು. ಇಂಗ್ಲಿಷು ಮಧ್ಯದಲ್ಲಿ ಕೈಕೊಟ್ಟರೆ ಎಂಬ ಹೆದರಿಕೆ.

ಬಾರ್ಟ್ ಸ್ವಲ್ಪ ಹೊತ್ತು ಕಾದ. ಆಮೇಲೆ “ಸರಿ” ಎಂದು ಹಲಗೆಯ ಮೇಲೆ ಗುರುತು ಹಾಕಿ ಮುಂದಿನ ವಿಷಯಕ್ಕೆ ಹೋದ.

ಮಧ್ಯಾಹ್ನವೆಲ್ಲ ಯಾರಾದರೂ ನನ್ನ ಹತ್ತಿರ ಬರುತ್ತಾರೆ ಎಂದು ಕಾದೆ. ಬೇಕೆಂದೇ ಒಬ್ಬಳೇ ಹೋಗಿ ಕಿಟಕಿಯ ಹತ್ತಿರ ನಿಂತೆ. ಬೇಕೆಂದೇ ಲೀಕಳ ಜೊತೆ ಕಪ್ಪು ತೊಳೆದೆ. ಅವಳು ಮನೆಯ ಮಾಡು ಸೋರುವ ಕಥೆ ಹೇಳಿದಳು. ಕೊನೆಗೆ “ನೀವು ಯಾಕೋ ಸಪ್ಪಗಿದ್ದೀರಿ. ಸುಸ್ತಾಗಿದೆಯಾ?” ಎಂದು ಕೇಳಿದಳು.

“ಸ್ವಲ್ಪ” ಎಂದೆ. ಅವಳು ಅದನ್ನು ನಂಬಿದಳು. ಟ್ಯಾಕ್ಸಿ ಬೇಕೇ ಎಂದು ವಿಚಾರಿಸಿದಳು.

ಕೊನೆಯ ಬೆಳಗ್ಗೆ

ಬೀಳ್ಕೊಡಲು ಲೀಕ ಟ್ರಾಮ್ ನಿಲ್ದಾಣಕ್ಕೆ ಬಂದಿದ್ದಳು. ಕಾಲುವೆಯ ಮೇಲೆ ಮಂಜು ಕೂತಿತ್ತು. ನಾನು ಚೀಲ ಹೆಗಲಿಗೇರಿಸಿಕೊಂಡು, ಹೊರಡುವ ಹೊತ್ತಾಯಿತು ಎಂದ ಮೇಲೆ, ಈಗ ಸರಿಯಾದ ಸಮಯ ಎಂದು ವಿಷಯ ಎತ್ತಿದೆ. ಅಬೂಬಕ್ಕರ್ ಸಾಹೇಬರ ಕಥೆಯನ್ನೆಲ್ಲ ಹೇಳಿದೆ. ಒಲೆಗೆ ಹೋದ ಬುಕ್ಕುಗಳು, ಎಂಟು ಗಂಟೆ, ನೀಲಿ ಚುಕ್ಕೆ. ಇಂಗ್ಲಿಷು ಎಲ್ಲೂ ಕೈಕೊಡಲಿಲ್ಲ.

ಲೀಕಳ ಮುಖ ಬಿಳಿಚಿಕೊಂಡಿತು. “ಬಾರ್ಟ್ ನಿನ್ನೆ ಸಂಜೆಯೇ ಅದನ್ನು ತೆಗೆದುಹಾಕಿದ. ನೀವು ಯಾಕೆ ಹೇಳಲಿಲ್ಲ?”

“ತಲೆ ತಗ್ಗಿಸಿದೆನಲ್ಲ.”

ಅವಳಿಗೆ ಅರ್ಥವಾಗಲಿಲ್ಲ. ನಾನು ವಿವರಿಸಿದೆ. ಅವಳು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು. “ನಮ್ಮಲ್ಲಿ ಸುಮ್ಮನಿದ್ದರೆ ಒಪ್ಪಿದ ಹಾಗೆ, ವನಜಾ. ಹಾಗೆ ಎಣಿಸದಿದ್ದರೆ ಲೋಕದ ಮೂಲೆಮೂಲೆಯಲ್ಲಿ ಕೂತವರೆಲ್ಲ ಸೇರಿ ಒಂದು ಕೆಲಸವೂ ಸಾಗುವುದಿಲ್ಲ. ಇದನ್ನು ನಾಲ್ಕು ವರ್ಷದಲ್ಲಿ ಯಾರೂ ನಿಮಗೆ ಹೇಳಲಿಲ್ಲವೇ? ಹೊಸಬರಿಗೆ ಮೊದಲು ಹೇಳಬೇಕಾದ್ದು ಇದೇ. ನಾನೇ ಹೇಳಬೇಕಿತ್ತು.”

ಟ್ರಾಮು ತಿರುವಿನಲ್ಲಿ ಕಾಣಿಸಿಕೊಂಡಿತು. ಅವಳು ಅವಸರದಲ್ಲಿ ನನ್ನ ತೋಳು ಹಿಡಿದಳು. “ತೆಗೆದಿದ್ದನ್ನು ಮತ್ತೆ ಸೇರಿಸಬಹುದು. ಆದರೆ ಯಾರಾದರೂ ಅದನ್ನು ನೋಡಿಕೊಳ್ಳಬೇಕು. ಬಾರ್ಟನ ಕೈಲಿ ಇನ್ನು ಆಗುವುದಿಲ್ಲ. ನೀವು ನೋಡಿಕೊಳ್ಳುತ್ತೀರಾ?”

ನನಗೆ ಬರುವುದೆಂದರೆ ಸಹಾಯದ ಪುಟದ ವಾಕ್ಯ, ಅನುವಾದ, ಒಂದು ಗುಣಾಕಾರ. ಎರಡು ಲೆಕ್ಕದ ದಿನಗಳನ್ನು ಹೊಂದಿಸುವ ಕೋಡನ್ನು ತೆರೆದು ನೋಡಿದ್ದೆ, ತಲೆಬುಡ ತಿಳಿಯದೆ ಮುಚ್ಚಿದ್ದೆ. ಕಲಿಯಬಹುದಿತ್ತೋ ಏನೋ. “ಯೋಚನೆ ಮಾಡಿ ಹೇಳ್ತೀನಿ” ಎಂದೆ. ನಮ್ಮ ಕಡೆ ಇದಕ್ಕೆ ಆಗುವುದಿಲ್ಲ ಎಂದು ಅರ್ಥ.

ಲೀಕಳ ಮುಖ ಅರಳಿತು. “ಹಾಗಾದರೆ ಕಾಯುತ್ತೇನೆ” ಎಂದಳು. ಟ್ರಾಮಿನ ಬಾಗಿಲು ಮುಚ್ಚಿದ ಮೇಲೂ ಕೈ ಬೀಸುತ್ತಲೇ ಇದ್ದಳು.

ಮೂಡಿಗೆರೆ

ಬಂದಿಳಿದಾಗ ಕಾಫಿ ಹೂ ಬಿಟ್ಟಿತ್ತು. ಬಸ್ಸಿನೊಳಗೂ ಅದರ ಪರಿಮಳ. ಬೇರೆ ವರ್ಷಗಳಲ್ಲಿ ಇದಕ್ಕಾಗಿಯೇ ಕಿಟಕಿ ಪಕ್ಕ ಕೂರುವವಳು, ಈ ಸಲ ಗಾಜು ಎಳೆದುಕೊಂಡೆ. ಸಾಹೇಬರ ಮನೆಗೆ ಹೋಗಲಿಲ್ಲ. ಚಾಕೊಲೇಟನ್ನು ಅವರ ಮಗಳ ಕೈಯಲ್ಲಿ ಕಳಿಸಿ, ಪರೀಕ್ಷೆ ಕೆಲಸ ಎಂದು ನೆಪ ಹೇಳಿದೆ. ಪರೀಕ್ಷೆ ಮುಗಿದ ಮೇಲೆ ಮೌಲ್ಯಮಾಪನ ಎಂದೆ.

ಸಭೆಯ ಟಿಪ್ಪಣಿ ಎಲ್ಲರಿಗೂ ಕಾಣುವ ಹಾಗೆ ಪ್ರಕಟವಾಯಿತು. ಕೈಬರಹದ ಪುಟವನ್ನು ತೆಗೆಯುವುದು. ಹಾಜರಿದ್ದವರು ಎಂಟು ಜನ, ಅದರಲ್ಲಿ ನನ್ನ ಹೆಸರು ಆರನೆಯದು. ಆಕ್ಷೇಪಣೆ ಇಲ್ಲ. ಅಲ್ಲಿ ಒಮ್ಮೆ ಬರೆದದ್ದು ಬರೆದ ಹಾಗೇ ಇರುತ್ತದೆ, ಯಾರೂ ಅಳಿಸುವ ಹಾಗಿಲ್ಲ. ಲೀಕ ಎರಡು ಸಲ ಪತ್ರ ಬರೆದಳು, ಯೋಚನೆ ಮಾಡಿದಿರಾ ಎಂದು. ಉತ್ತರ ಬರೆಯಲು ಕೂತೆ, ಪ್ರತಿ ಸಲವೂ ಮೊದಲ ಸಾಲಿಗೇ ನಿಂತೆ. ನನ್ನ ಮೌನವನ್ನು ಅವಳು ಯಾವ ಲೆಕ್ಕಕ್ಕೆ ಹಾಕಿಕೊಂಡಳೋ, ಮೂರನೇ ಪತ್ರ ಬರಲಿಲ್ಲ.

ಹೊಸ ಆವೃತ್ತಿ ಜೂನ್ ತಿಂಗಳಲ್ಲಿ ಎಲ್ಲರ ಫೋನಿಗೂ ತಾನಾಗಿಯೇ ಬಂತು. ಅವತ್ತು ಬೆಳಗ್ಗೆ ಎಂಟೂ ಹತ್ತಕ್ಕೆ ಸಾಹೇಬರ ಕರೆ ಬಂತು.

“ಟೀಚ್ರೇ, ಒಂದು ಇಂಚು ನಲವತ್ತು ಸೆಂಟು ಬಿದ್ದಿದೆ. ಬರೆಯೋ ಪುಟನೇ ಕಾಣ್ತಿಲ್ಲ ಮಾರಾಯ್ರೇ. ಎಲ್ಲಿ ಬರೀಲಿ?”

“ತೆಗೆದ್ರು ಸಾಹೇಬ್ರೇ” ಎಂದೆ.

ಆ ಕಡೆ ಅಳತೆಗಾಜನ್ನು ಕಲ್ಲಿನ ಮೇಲೆ ಇಟ್ಟ ಸದ್ದು ಕೇಳಿಸಿತು.

“ನೀವು ಅಷ್ಟು ದೂರ ಹೋಗಿ ಬೇಡ ಅಂದ್ರೂ ತೆಗೆದ್ರಾ?”

ಫೋನ್ ಹಿಡಿದೇ ತಲೆ ತಗ್ಗಿಸಿದೆ.

“ಹೋಗ್ಲಿ ಬಿಡಿ ಟೀಚ್ರೇ. ನೀವು ಬೇಜಾರು ಮಾಡ್ಕೋಬೇಡಿ. ನಮ್ಮ ಬುಕ್ಕು ಸುಡುವಾಗ ಬೇಡ ಅನ್ನಕ್ಕೆ ಒಬ್ಬರೂ ಇರಲಿಲ್ಲ. ಈ ಸಲ ನೀವಾದ್ರೂ ಇದ್ರಿ, ಎದುರಿಗೇ ಹೇಳಿದ್ರಿ. ಅಷ್ಟು ಸಾಕು ನನಗೆ. ಹೇಳಿದ್ರಲ್ಲ?”

“ಹೌದು ಸಾಹೇಬ್ರೇ” ಎಂದೆ, “ಹೇಳಿದ್ದೆ.”